ಪೊರೆ ಬಿಡುವ ಸಮಯದಲ್ಲಿ ಎಳೆಯ ಕಾರ್ನ್ ಸ್ನೇಕ್‌ಗೆ ಆಹಾರ ಕೊಡಬೇಕೇ, ಬೇಡವೇ?

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಸಾಕುತ್ತಿರುವ ಕಾರ್ನ್ ಸ್ನೇಕ್ (ಅಮೆರಿಕದ ಒಂದು ವಿಷರಹಿತ ಹಾವು) ಮರಿ ಸತತವಾಗಿ ಎರಡು ಬಾರಿ ಆಹಾರ ಮುಟ್ಟಿಲ್ಲ. ಮರಿಗೆ ನಾಲ್ಕು ತಿಂಗಳು ತುಂಬಿದೆ, ತೂಕ 19 ಗ್ರಾಂ ಇದೆ. ಇಲ್ಲಿಯವರೆಗೆ ಐದಾರು ದಿನಕ್ಕೊಮ್ಮೆ ಒಂದು ಪಿಂಕಿಯನ್ನು, ಅಂದರೆ ಇನ್ನೂ ಕೂದಲು ಮೂಡದ ಹಸುಳೆ ಇಲಿಮರಿಯನ್ನು, ಚಿಮಟದಲ್ಲಿ ಹಿಡಿದು ಮುಂದೆ ಆಡಿಸಿದರೆ ಸಾಕು, ತಟಕ್ಕನೆ ಕಚ್ಚಿ, ಸುತ್ತು ಹಾಕಿ, ನುಂಗಿಬಿಡುತ್ತಿತ್ತು. ಕಳೆದ ವಾರದಿಂದ ಅದರ ಹೊಟ್ಟೆಯ ಭಾಗ ನಸುಗೆಂಪಾಗಿ, ಬೆನ್ನಿನ ಕಿತ್ತಳೆ ಬಣ್ಣ ಮಾಸಿ, ಈಗ ಕಣ್ಣುಗಳಿಗೆ ನೀಲಿ ಮಂಜು ಕವಿದಿದೆ.

ಇದು ಪೊರೆ ಬಿಡುವ ಲಕ್ಷಣ ಎಂಬುದು ನಮಗೆ ತಿಳಿದಿದೆ. ಆದರೆ ಬೆಳೆಯುತ್ತಿರುವ ಮರಿಯನ್ನು ಹತ್ತು ಹದಿನೈದು ದಿನ ಉಪವಾಸ ಬಿಡಬಹುದೇ ಎಂಬುದೇ ನನ್ನ ಆತಂಕ. ಮರಿಯನ್ನು ಮಾರಿದ ಅಂಗಡಿಯವರು ದಿನ ಬಿಟ್ಟು ದಿನ ಕೊಡುತ್ತಲೇ ಇರಿ, ಹಸಿವಾದಾಗ ತಿನ್ನುತ್ತದೆ ಎನ್ನುತ್ತಾರೆ. ಮಗಳು ಓದಿದ ಪುಸ್ತಕದಲ್ಲಿ ಸುಮ್ಮನೆ ಬಿಡಬೇಕೆಂದಿದೆ. ಚಳಿಗಾಲವಾದ್ದರಿಂದ ಮನೆಯ ಹೀಟರ್ ದಿನವಿಡೀ ಓಡುತ್ತಿದ್ದು, ಪೆಟ್ಟಿಗೆಯೊಳಗಿನ ತೇವಾಂಶ ಮಾಪಕ ಶೇ. 32 ತೋರಿಸುತ್ತಿದೆ. ಅನುಭವಿಗಳು ದಯವಿಟ್ಟು ತಿಳಿಸಿ.

ಹಾವಿನಹಾದಿ (ಹ್ಯೂಸ್ಟನ್)

ಮೇಡಂ, ಕಣ್ಣು ನೀಲಿಯಾದ ಮೇಲೆ ಆಹಾರ ಕೊಡುವುದನ್ನು ನಿಲ್ಲಿಸಿ. ನೀರಿನ ಬಟ್ಟಲು ಮಾತ್ರ ಸದಾ ತುಂಬಿರಲಿ.

ಹೊಂಗೆಮರ (ಲೀಡ್ಸ್, ಇಂಗ್ಲೆಂಡ್)

ಹಾಗೆ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ. ನಾನು ಬಹಳ ವರ್ಷಗಳಿಂದ ಕಾರ್ನ್ ಸ್ನೇಕ್‌ಗಳನ್ನು ಸಾಕುತ್ತಿದ್ದೇನೆ. ನನ್ನ ಬಳಿಯಿರುವ ಹೆಣ್ಣು ಹಾವು ಕಣ್ಣು ಪೂರ್ತಿ ಮಸುಕಾಗಿದ್ದಾಗಲೂ ವಾಸನೆ ಹಿಡಿದು ಬಂದು ಆಹಾರ ತೆಗೆದುಕೊಳ್ಳುತ್ತದೆ, ಒಮ್ಮೆಯೂ ಕಕ್ಕಿಲ್ಲ. ಗಂಡು ಹಾವಾದರೋ ಹೊಟ್ಟೆ ಕೆಂಪಾಗುತ್ತಿದ್ದಂತೆ ಮುಖ ತಿರುಗಿಸಿಬಿಡುತ್ತದೆ. ಒಂದೊಂದು ಹಾವಿನ ಸ್ವಭಾವ ಒಂದೊಂದು ರೀತಿ. ಕೊಟ್ಟು ನೋಡಿ, ತಿಂದರೆ ತಿನ್ನಲಿ, ಬಿಟ್ಟರೆ ಎತ್ತಿಬಿಡಿ. ಇದರಲ್ಲಿ ಅಪಾಯವೇನಿದೆ?

ಹಾವಿನಹಾದಿ (ಹ್ಯೂಸ್ಟನ್)

ಸರ್, ನಿಮ್ಮ ಹಾವು ದೊಡ್ಡದು. ಇಲ್ಲಿ ಕೇಳುತ್ತಿರುವುದು 19 ಗ್ರಾಂ ತೂಕದ ಮರಿಯ ವಿಷಯ. ಬೆಳೆದ ಹಾವಿಗೆ ನಡೆಯುವುದೆಲ್ಲ ಮರಿಗೂ ನಡೆಯುತ್ತದೆಂದು ಹೇಳುವುದು ಸರಿಯಲ್ಲ.

ಹೊಂಗೆಮರ (ಲೀಡ್ಸ್, ಇಂಗ್ಲೆಂಡ್)

ಮರಿಯಾದರೆ ಬೆಳವಣಿಗೆಯ ವೇಗ ಹೆಚ್ಚು, ಆಹಾರದ ಅಗತ್ಯವೂ ಹೆಚ್ಚು. ಎಳೆಯ ಕಾರ್ನ್ ಸ್ನೇಕ್ ನಾಲ್ಕರಿಂದ ಆರು ವಾರಕ್ಕೊಮ್ಮೆ ಪೊರೆ ಬಿಡುತ್ತದೆ. ಪ್ರತಿ ಸಲವೂ ಎರಡು ವಾರ ಊಟ ನಿಲ್ಲಿಸುತ್ತಾ ಹೋದರೆ ಮೊದಲ ವರ್ಷದಲ್ಲಿ ಎಷ್ಟು ಊಟ ತಪ್ಪುತ್ತದೆ ಎಂದು ನೀವೇ ಲೆಕ್ಕ ಹಾಕಿ.

ಪಶುವೈದ್ಯೆ (ಬೆಂಗಳೂರು, ಈಗ ನ್ಯೂಜೆರ್ಸಿ)

ಇಬ್ಬರ ಮಾತಿನಲ್ಲೂ ಹುರುಳಿದೆ, ಆದ್ದರಿಂದ ಒಳಗೆ ನಡೆಯುವುದೇನು ಎಂಬುದನ್ನು ಮೊದಲು ಹೇಳುತ್ತೇನೆ. ಹಾವು ಪೊರೆ ಬಿಡುವ ಮುನ್ನ ಹಳೆಯ ಹೊರಚರ್ಮದ ಕೆಳಗೆ ಮತ್ತೊಂದು ಪೂರ್ಣ ಹೊರಚರ್ಮ ಬೆಳೆಯುತ್ತದೆ. ಎರಡನ್ನೂ ಬೇರ್ಪಡಿಸಲು ನಡುವೆ ಕಿಣ್ವಗಳಿರುವ ತೆಳುವಾದ ದ್ರವ ತುಂಬುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಅದರ ಕಣ್ಣನ್ನು ಮುಚ್ಚಿರುವ ಪಾರದರ್ಶಕ ಪರದೆಯೂ ಚರ್ಮದ್ದೇ ಭಾಗ. ಅಲ್ಲಿಯೂ ಆ ದ್ರವ ತುಂಬುವುದರಿಂದ ಕಣ್ಣು ಹಾಲುನೀಲಿಯಾಗಿ ಕಾಣುತ್ತದೆ ಮತ್ತು ಹಾವಿಗೆ ದೃಷ್ಟಿ ಮಂಕಾಗುತ್ತದೆ. ಕೆಲವು ದಿನಗಳ ನಂತರ ದ್ರವ ಇಂಗಿ ಕಣ್ಣು ಮತ್ತೆ ತಿಳಿಯಾಗುತ್ತದೆ. ಅನೇಕರು ಅದನ್ನು ನೋಡಿ ಪೊರೆ ಬಿಟ್ಟಾಯಿತೆಂದು ಭಾವಿಸುತ್ತಾರೆ, ಆದರೆ ನಿಜವಾಗಿ ಪೊರೆ ಕಳಚುವುದು ಕಣ್ಣು ತಿಳಿಯಾದ ಮೂರರಿಂದ ಐದು ದಿನಗಳ ನಂತರ. ಎಲ್ಲವೂ ಮುಗಿಯಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು.

ಈ ಅವಧಿಯಲ್ಲಿ ಆಹಾರ ತಿಂದ ಹಾವು ಕಕ್ಕಿಯೇ ತೀರುತ್ತದೆ ಎಂದು ನಾನು ಹೇಳುವುದಿಲ್ಲ. ಬಿಸಿ ಸರಿಯಾಗಿದ್ದು ಆರೋಗ್ಯ ಚೆನ್ನಾಗಿದ್ದರೆ ಬಹಳಷ್ಟು ಹಾವುಗಳು ಅರಗಿಸಿಕೊಳ್ಳುತ್ತವೆ. ನಾನು ನೋಡುವುದು ಲಾಭನಷ್ಟದ ಲೆಕ್ಕವನ್ನು. ಮೈತುಂಬಿದ ಮರಿಗೆ ಒಂದೆರಡು ಊಟ ತಪ್ಪಿದರೆ ಏನೂ ಆಗುವುದಿಲ್ಲ, ಪೊರೆ ಬಿಟ್ಟ ಮೇಲೆ ಹಸಿದು ತಿಂದು ಸರಿದೂಗಿಸಿಕೊಳ್ಳುತ್ತದೆ. ಅದೇ ಮರಿ ತಿಂದದ್ದನ್ನು ಕಕ್ಕಿದರೆ ಹೊಟ್ಟೆಯ ಆಮ್ಲವೂ ದ್ರವಾಂಶವೂ ನಷ್ಟವಾಗಿ, ಅನ್ನನಾಳ ಸುಟ್ಟು, ಮತ್ತೆ ಊಟ ಕೊಡಲು ಹತ್ತರಿಂದ ಹದಿನಾಲ್ಕು ದಿನ ಕಾಯಬೇಕು. ಆಮೇಲೂ ಮೊದಲಿನ ಅರ್ಧ ಗಾತ್ರದ ಆಹಾರದಿಂದಲೇ ಆರಂಭಿಸಬೇಕು. ಒಂದು ಊಟ ಉಳಿಸಲು ಹೋಗಿ ಮೂರು ಊಟ ಕಳೆದುಕೊಳ್ಳುವ ಸಾಧ್ಯತೆಯನ್ನು ಮರಿಯ ಮೇಲೆ ಏಕೆ ಹೇರಬೇಕು?

ಹೊಂಗೆಮರ (ಲೀಡ್ಸ್, ಇಂಗ್ಲೆಂಡ್)

ಮೇಡಂ, ನಿಮ್ಮ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಆಗಷ್ಟೇ ಮೊಟ್ಟೆಯೊಡೆದು ಬಂದ, ಆರೇಳು ಗ್ರಾಂ ತೂಕದ, ಬಡಕಲು ಮರಿಯಾದರೆ? ಅದಕ್ಕೂ ಇದೇ ನಿಯಮವೇ?

ಪಶುವೈದ್ಯೆ (ಬೆಂಗಳೂರು, ಈಗ ನ್ಯೂಜೆರ್ಸಿ)

ಅಲ್ಲ. ಅಲ್ಲಿ ನಿಮ್ಮ ಮಾತೇ ಸರಿ. ಹೊಸ ಮರಿಗಳು ಹುಟ್ಟಿದ ಒಂದು ವಾರದಿಂದ ಹತ್ತು ದಿನಗಳೊಳಗೆ ಮೊದಲ ಪೊರೆ ಬಿಡುತ್ತವೆ, ಅಲ್ಲಿಯವರೆಗೆ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅವುಗಳ ಆಹಾರ. ಮೊದಲ ಊಟ ಕೊಡುವುದು ಮೊದಲ ಪೊರೆಯ ನಂತರವೇ. ಅನಂತರದ ದಿನಗಳಲ್ಲಿ ಮರಿ ಬಡಕಲಾಗಿದ್ದು, ಪೊರೆಯ ಕಾಲದಲ್ಲಿಯೂ ತಾನಾಗಿ ಆಹಾರ ಕೇಳುತ್ತಿದ್ದರೆ ಚಿಕ್ಕ ಪಿಂಕಿಯೊಂದನ್ನು ಕೊಡುವುದಕ್ಕೆ ನನ್ನ ವಿರೋಧವಿಲ್ಲ. ತುಂಗಾತೀರ ಅವರ ಮರಿ ನಾಲ್ಕು ತಿಂಗಳಿಗೆ 19 ಗ್ರಾಂ ಮುಟ್ಟಿದೆ, ಚೆನ್ನಾಗಿ ಬೆಳೆದಿದೆ, ಮೇಲಾಗಿ ತನಗೆ ಬೇಡವೆಂದು ತಾನೇ ಹೇಳುತ್ತಿದೆ.

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ನಿಮ್ಮೆಲ್ಲರ ಉತ್ತರಗಳಿಂದ ಧೈರ್ಯ ಬಂತು. ಹಾಗಾದರೆ ತೂಕ ಎಷ್ಟು ಇಳಿದರೆ ಚಿಂತೆ ಮಾಡಬೇಕು? ಎರಡನೆಯ ಸಲ ಪಿಂಕಿಯನ್ನು ರಾತ್ರಿಯಿಡೀ ಒಳಗೇ ಬಿಡಬಹುದಿತ್ತು ಎಂದು ಅಂಗಡಿಯವರು ಹೇಳಿದ್ದರು. ನಾವು ಬಿಡಲಿಲ್ಲ.

ಪಶುವೈದ್ಯೆ (ಬೆಂಗಳೂರು, ಈಗ ನ್ಯೂಜೆರ್ಸಿ)

ಬಿಡದೆ ಇದ್ದದ್ದೇ ಒಳ್ಳೆಯದು. ಬಿಸಿಯಿರುವ ಪೆಟ್ಟಿಗೆಯಲ್ಲಿ ಕರಗಿದ ಪಿಂಕಿ ಬೇಗ ಕೊಳೆಯುತ್ತದೆ, ಮತ್ತು ಕೊಳೆತ ಆಹಾರ ಕಕ್ಕುವುದಕ್ಕೆ ಒಂದು ಕಾರಣ. ವಾರಕ್ಕೊಮ್ಮೆ ಗ್ರಾಂ ತೂಗುವ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ, ಪೊರೆಯ ಕಾಲದಲ್ಲಿ ಮಾತ್ರ ಅದಕ್ಕಾಗಿಯೂ ಮರಿಯನ್ನು ಪದೇ ಪದೇ ಎತ್ತಬೇಡಿ. ಮೊದಲಿದ್ದ ತೂಕದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ, ಅಥವಾ ಪೊರೆ ಬಿಟ್ಟ ಮೇಲೂ ಎರಡು ಮೂರು ಬಾರಿ ಆಹಾರ ಬಿಟ್ಟರೆ, ಸರೀಸೃಪಗಳನ್ನು ನೋಡುವ ವೈದ್ಯರ ಬಳಿಗೆ ಹೋಗಿ. ಮತ್ತೆ ಮತ್ತೆ ಕಕ್ಕುವ ಹಾವಿಗೆ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿಯ ಪರೀಕ್ಷೆ ಮಾಡಿಸಲೇಬೇಕು. ಅದು ಜಠರದ ಗೋಡೆಯನ್ನು ದಪ್ಪವಾಗಿಸುತ್ತದೆ, ಇತರ ಹಾವುಗಳಿಗೂ ಹರಡುತ್ತದೆ.

ಕೆಂಡಸಂಪಿಗೆ (ಎಡಿಸನ್)

ಎಲ್ಲರೂ ಊಟದ ವಿಷಯವನ್ನೇ ಚರ್ಚಿಸುತ್ತಿದ್ದೀರಿ, ಆದರೆ ಶೇ. 32 ತೇವಾಂಶವನ್ನು ಯಾರೂ ಗಮನಿಸಿಲ್ಲವಲ್ಲ! ನನಗೆ ಅದೇ ಇಲ್ಲಿ ದೊಡ್ಡ ಸಮಸ್ಯೆಯಾಗಿ ಕಾಣುತ್ತದೆ. ಕಾರ್ನ್ ಸ್ನೇಕ್‌ಗೆ ಉಳಿದ ದಿನಗಳಲ್ಲಿ ಶೇ. 40ರಿಂದ 60 ಬೇಕು, ಪೊರೆಯ ಕಾಲದಲ್ಲಿ ಇನ್ನೂ ಸ್ವಲ್ಪ ಹೆಚ್ಚಿರಬೇಕು. ಒಣ ಹವೆಯಲ್ಲಿ ಪೊರೆ ಇಡಿಯಾಗಿ ಬರುವುದಿಲ್ಲ, ಚೂರು ಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ.

ಮುಚ್ಚಳವಿರುವ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದುಕೊಂಡು, ಮರಿ ನುಸುಳುವಷ್ಟು ರಂಧ್ರ ಕೊರೆದು, ಅಂಚನ್ನು ಉಜ್ಜಿ ನಯಗೊಳಿಸಿ. ಸ್ಫ್ಯಾಗ್ನಮ್ ಪಾಚಿಯನ್ನು ನೀರಿನಲ್ಲಿ ನೆನೆಸಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಸಡಿಲವಾಗಿ ತುಂಬಿ ಪೆಟ್ಟಿಗೆಯ ಬೆಚ್ಚನೆಯ ಬದಿಗೆ ಇಡಿ. ಮರಿ ಬೇಕೆಂದಾಗ ಒಳಗೆ ಹೋಗುತ್ತದೆ, ಸಾಕೆಂದಾಗ ಹೊರಗೆ ಬರುತ್ತದೆ. ಪಾಚಿ ಬೂಷ್ಟು ಹಿಡಿಯುವ ಮೊದಲೇ ಬದಲಾಯಿಸಿ.

ಹಾವಿನಹಾದಿ (ಹ್ಯೂಸ್ಟನ್)

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ತೇವಾಂಶ ಕಡಿಮೆಯೆಂದು ಪೆಟ್ಟಿಗೆಯ ನೆಲಕ್ಕೆಲ್ಲ ನೀರು ಚಿಮುಕಿಸಬೇಡಿ. ಸದಾ ಒದ್ದೆಯಾದ ನೆಲದ ಮೇಲೆ ಮಲಗುವ ಹಾವಿಗೆ ಹೊಟ್ಟೆಯ ಶಲ್ಕಗಳ ಮೇಲೆ ಕಂದು ಹುಣ್ಣುಗಳಾಗುತ್ತವೆ. ಪೆಟ್ಟಿಗೆಯನ್ನು ಬೆಚ್ಚಗಿಡುವ ಹೀಟ್ ಮ್ಯಾಟ್‌ಗೆ ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಇದೆಯೇ ಎಂಬುದನ್ನೂ ತಿಳಿಸಿ.

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ಥರ್ಮೋಸ್ಟಾಟ್ ಇದೆ. ಬೆಚ್ಚನೆಯ ಬದಿ 30 ಡಿಗ್ರಿ ಸೆಲ್ಸಿಯಸ್, ತಂಪು ಬದಿ 23 ಡಿಗ್ರಿ ಇದೆ. ಪಾಚಿಯ ಡಬ್ಬಿಯನ್ನು ಈ ಸಂಜೆಯೇ ಇಡುತ್ತೇವೆ.

ಇನ್ನೊಂದು ವಿಷಯವನ್ನು ಸಂಕೋಚದಿಂದಲೇ ಕೇಳುತ್ತಿದ್ದೇನೆ. ನಮ್ಮದು ಸಸ್ಯಾಹಾರಿ ಮನೆ. ತೀರ್ಥಹಳ್ಳಿಯಿಂದ ಅತ್ತೆಯವರು ಬಂದಿದ್ದಾರೆ. ಮೊಮ್ಮಗಳ ಹಾವಿನ ಬಗ್ಗೆ ಅವರಿಗೆ ಭಯವಿಲ್ಲ, ಅಕ್ಕರೆಯೇ ಇದೆ. ಆದರೆ ಎರಡು ವಾರ ಏನೂ ತಿನ್ನದೆ ಮಲಗಿರುವುದನ್ನು ನೋಡಲಾಗದೆ ಒಂದು ಬಟ್ಟಲು ಹಾಲನ್ನಾದರೂ ಇಡೋಣ ಎನ್ನುತ್ತಿದ್ದಾರೆ. ಅವರಿಗೆ ನೋವಾಗದಂತೆ ಹೇಗೆ ಹೇಳುವುದು? ಪಿಂಕಿಗಳನ್ನು ಅಡುಗೆಯ ಫ್ರೀಜರಿನಲ್ಲಿ ಇಡುವುದಕ್ಕೂ ಅವರ ಆಕ್ಷೇಪವಿದೆ.

ನಾಗಬನ (ಉಡುಪಿ)

ಅಕ್ಕ, ಹಿರಿಯರ ಅಕ್ಕರೆ ದೊಡ್ಡದು, ಆದರೆ ಹಾಲು ಬೇಡ. ಹಾವು ಸಸ್ತನಿಯಲ್ಲ, ಹಾಲನ್ನು ಅರಗಿಸಿಕೊಳ್ಳುವ ವ್ಯವಸ್ಥೆ ಅದರ ದೇಹದಲ್ಲಿಲ್ಲ. ಹಾವಾಡಿಗರು ನಾಗರಪಂಚಮಿಗೆ ಮೊದಲು ಹಾವುಗಳಿಗೆ ದಿನಗಟ್ಟಲೆ ನೀರು ಕೊಡದೆ ಒಣಗಿಸಿ ತರುತ್ತಿದ್ದರು. ಬಾಯಾರಿದ ಹಾವು ಎದುರಿಗಿಟ್ಟ ಹಾಲಿಗೆ ಬಾಯಿ ಹಾಕಿದ್ದನ್ನು ಕಂಡು ಜನ ನಂಬಿದರು, ಹಾಗೆ ಕುಡಿದ ಹಾವುಗಳು ಬಳಿಕ ನರಳಿ ಸತ್ತವು. ನಮ್ಮ ಮನೆಯಲ್ಲಿ ಇಂದಿಗೂ ತನು (ನಾಗನಿಗೆ ಅರ್ಪಿಸುವ ಹಾಲು) ಎರೆಯುವುದು ನಾಗಬನದ ಕಲ್ಲಿಗೆ. ಜೀವಂತ ಹಾವಿಗೆ ಶುದ್ಧವಾದ ನೀರನ್ನಿಡುವುದೇ ಸರಿಯಾದ ಸೇವೆ ಎಂದು ಅತ್ತೆಯವರಿಗೆ ಹೇಳಿ, ದಿನವೂ ನೀರು ಬದಲಾಯಿಸುವ ಕೆಲಸವನ್ನು ಅವರಿಗೇ ಒಪ್ಪಿಸಿ.

ಬಿಳಿಗಿರಿ (ಮೈಸೂರು)

ಸಸ್ಯಾಹಾರಿಗಳು ಇಂಥ ಪ್ರಾಣಿಯನ್ನು ತರುವುದೇ ಏಕೆ ಎಂದು ಕೇಳಿದರೆ ತಪ್ಪು ತಿಳಿಯಬೇಡಿ. ಕೋಳಿಮೊಟ್ಟೆಯಲ್ಲೋ ಬೇರೆ ಯಾವುದಾದರೂ ಸಿದ್ಧ ಆಹಾರದಲ್ಲೋ ಬೆಳೆಸಲು ಸಾಧ್ಯವಿಲ್ಲವೇ?

ಪಶುವೈದ್ಯೆ (ಬೆಂಗಳೂರು, ಈಗ ನ್ಯೂಜೆರ್ಸಿ)

ಸಾಧ್ಯವಿಲ್ಲ, ಸರ್. ಕಾಡಿನಲ್ಲಿ ಮರಿಗಳು ಹಲ್ಲಿಗಳನ್ನೂ ಮರಗಪ್ಪೆಗಳನ್ನೂ, ಬೆಳೆದವು ಇಲಿಗಳನ್ನೂ ಹಕ್ಕಿಗಳನ್ನೂ ತಿನ್ನುತ್ತವೆ, ಕೆಲವೊಮ್ಮೆ ಹಕ್ಕಿಯ ಮೊಟ್ಟೆಯನ್ನೂ ನುಂಗುತ್ತವೆ. ಆದರೆ ಮೊಟ್ಟೆಯೊಂದರಿಂದಲೇ ಅವು ಬದುಕಲಾರವು. ಇಡೀ ಪ್ರಾಣಿಯನ್ನು ಮೂಳೆ, ಯಕೃತ್ತುಗಳ ಸಮೇತ ನುಂಗಿದಾಗಲೇ ಸುಣ್ಣದಂಶವೂ ಜೀವಸತ್ವಗಳೂ ಸರಿಯಾಗಿ ಸಿಗುತ್ತವೆ. ತಂದ ಮೇಲೆ ಅದರ ಆಹಾರವನ್ನು ಕೊಡಲೇಬೇಕು, ಮತ್ತು ಈ ಹುಡುಗಿ ಅದನ್ನು ಅರಿತೇ ಸಾಕುತ್ತಿದ್ದಾಳೆ.

ಕೆಂಡಸಂಪಿಗೆ (ಎಡಿಸನ್)

ಅತ್ತೆಯವರ ಆಕ್ಷೇಪ ನೂರಕ್ಕೆ ನೂರು ನ್ಯಾಯವಾದದ್ದು. ನಮ್ಮ ಮನೆಯಲ್ಲಿ ಗ್ಯಾರೇಜಿನಲ್ಲಿ ಚಿಕ್ಕ ಫ್ರೀಜರ್ ಇಟ್ಟಿದ್ದೇವೆ. ಚಿಮಟ, ಕರಗಿಸುವ ಬಟ್ಟಲು, ಕೈಗವಸು ಎಲ್ಲವೂ ಅದರ ಪಕ್ಕದ ಕಪಾಟಿನಲ್ಲಿವೆ, ಯಾವುದೂ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಇದು ಮಡಿಯ ಪ್ರಶ್ನೆ ಮಾತ್ರವಲ್ಲ. ಹಾವುಗಳಿಗೆಂದು ಮಾರುತ್ತಿದ್ದ ಹೆಪ್ಪುಗಟ್ಟಿದ ಇಲಿಗಳಿಂದಲೇ 2010ರಲ್ಲಿ ಅಮೆರಿಕದಲ್ಲಿ ಸಾಲ್ಮೊನೆಲ್ಲಾ ಹರಡಿ, ಅವುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಫ್ರೀಜರಿನ ಚಳಿಗೆ ಆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ಮನೆಯಲ್ಲಿ ಐದು ವರ್ಷದೊಳಗಿನ ಮಕ್ಕಳಿದ್ದಾರೆಯೇ? ಇದ್ದರೆ ಹಾವನ್ನು ಮುಟ್ಟಲು ಬಿಡಬೇಡಿ. ಅಂಥ ಮನೆಗಳಲ್ಲಿ ಸರೀಸೃಪ ಸಾಕುವುದು ಬೇಡವೆಂದೇ ಇಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ.

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ಚಿಕ್ಕ ಮಕ್ಕಳಿಲ್ಲ. ನಾಗಬನ ಅವರ ಮಾತನ್ನು ಅತ್ತೆಯವರಿಗೆ ಓದಿ ಹೇಳಿದೆ. ಬೆಳಿಗ್ಗೆಯಿಂದ ನೀರಿನ ಬಟ್ಟಲು ಅವರ ಜವಾಬ್ದಾರಿಯಾಗಿದೆ. ಫ್ರೀಜರನ್ನೂ ಬೇರೆ ಮಾಡುತ್ತೇವೆ.

ಬಯಲುಸೀಮೆ (ಅಟ್ಲಾಂಟಾ)

ಓದುತ್ತಿರುವವರಿಗೆ ಒಂದು ಎಚ್ಚರಿಕೆ. ನಿಮ್ಮ ನೆರೆಯ ನಮ್ಮ ಜಾರ್ಜಿಯಾದಲ್ಲಿ ಸ್ಥಳೀಯವಾದ ವಿಷರಹಿತ ಹಾವುಗಳನ್ನು ಮನೆಯಲ್ಲಿ ಸಾಕುವಂತಿಲ್ಲ, ಕಾರ್ನ್ ಸ್ನೇಕ್ ಇಲ್ಲಿನ ಸ್ಥಳೀಯ ಹಾವಾದ್ದರಿಂದ ಅದಕ್ಕೂ ಈ ನಿಯಮ ಅನ್ವಯಿಸುತ್ತದೆ. ಊರು ಬದಲಾಯಿಸುವವರು ಆಯಾ ರಾಜ್ಯದ ಕಾನೂನನ್ನು ಮೊದಲೇ ನೋಡಿಕೊಳ್ಳಿ.

ಮಲೆನಾಡಿನ ಹುಡುಗ (ಸಾಗರ)

ನಮ್ಮ ತೋಟದಲ್ಲಿ ಕೇರೆಹಾವಿನ ಮರಿಗಳು ಬಹಳ ಇವೆ. ಈ ಕ್ರಮದಲ್ಲಿ ಅವುಗಳನ್ನೂ ಸಾಕಬಹುದೇ?

ನಾಗಬನ (ಉಡುಪಿ)

ಬೇಡ ತಮ್ಮಾ. ಕೇರೆಹಾವಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಹಿಡಿದಿಟ್ಟುಕೊಳ್ಳುವುದು ಅಪರಾಧ. ಅದು ತೋಟದಲ್ಲಿದ್ದರೆ ಇಲಿಗಳ ಹಾವಳಿ ತಗ್ಗುತ್ತದೆ, ಅದರ ಪಾಡಿಗೆ ಬಿಡು.

ಹೊಂಗೆಮರ (ಲೀಡ್ಸ್, ಇಂಗ್ಲೆಂಡ್)

ಮತ್ತೆ ಮೂಲ ವಿಷಯಕ್ಕೆ ಬರೋಣ. ತುಂಗಾತೀರ ಅವರೇ, ಕಣ್ಣು ತಿಳಿಯಾಯಿತೇ? ತಿಳಿಯಾದ ಕೂಡಲೇ ಒಮ್ಮೆ ಕೊಟ್ಟು ನೋಡಬಹುದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಆಗ ಹಾವಿಗೆ ಚೆನ್ನಾಗಿ ಕಾಣುತ್ತಿರುತ್ತದೆ.

ಹಾವಿನಹಾದಿ (ಹ್ಯೂಸ್ಟನ್)

ಇನ್ನು ಮೂರು ನಾಲ್ಕು ದಿನಗಳಲ್ಲಿ ಪೊರೆ ಬರುವುದು ಖಚಿತವಾಗಿರುವಾಗ ಅಷ್ಟು ಆತುರವೇಕೆ, ಸರ್? ಮೂತಿಯನ್ನು ಕಲ್ಲಿಗೆ ಉಜ್ಜಿ, ಕೊಂಬೆಗಳ ನಡುವೆ ತೂರಿ, ಮೈ ಹಿಂಡಿಕೊಂಡು ಹೊರಬರಬೇಕಾದ ಮರಿಗೆ ಆ ಹೊತ್ತಿನಲ್ಲಿ ಹೊಟ್ಟೆ ಉಬ್ಬಿರುವುದು ತೊಡಕೇ ಹೊರತು ನೆರವಲ್ಲ.

ಹೊಂಗೆಮರ (ಲೀಡ್ಸ್, ಇಂಗ್ಲೆಂಡ್)

ನನ್ನ ಹಾವಿಗೆ ಅಂಥ ತೊಡಕು ಕಂಡಿಲ್ಲ. ಆದರೂ ಮರಿಯ ಮಟ್ಟಿಗೆ ಕಾಯುವುದೇ ಕ್ಷೇಮ ಎಂಬುದನ್ನು ಒಪ್ಪುತ್ತೇನೆ.

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ನಾವು ಕಾದೆವು. ನಿನ್ನೆ ರಾತ್ರಿ ಪೊರೆ ಬಿಟ್ಟಿದೆ! ಪಾಚಿಯ ಡಬ್ಬಿಯ ರಂಧ್ರಕ್ಕೆ ಮೈಯುಜ್ಜಿಕೊಂಡು ಬಂದಿರಬೇಕು, ಕಾಲುಚೀಲವನ್ನು ಒಳಹೊರಗು ಮಾಡಿ ಎಳೆದಂತೆ ಇಡೀ ಪೊರೆ ತಿರುವುಮುರುವಾಗಿ ಅಲ್ಲೇ ಬಿದ್ದಿತ್ತು. ಮಗಳು ಅದನ್ನು ಒದ್ದೆಯಿರುವಾಗಲೇ ಬಿಳಿಯ ಕಾಗದದ ಮೇಲೆ ಬಿಡಿಸಿ, ಭೂತಗನ್ನಡಿ ಹಿಡಿದು ನೋಡಿದಳು. ತಲೆಯ ಭಾಗದಲ್ಲಿ ಎರಡೂ ಕಣ್ಣಿನ ಪರದೆಗಳು ಚಿಕ್ಕ ಗುಂಡನೆಯ ಗಾಜಿನ ಚುಕ್ಕೆಗಳಾಗಿ ಹರಿಯದೆ ಉಳಿದಿವೆ. ಆದರೆ ಬಾಲದ ತುದಿ ಮಾತ್ರ ಪೊರೆಯಲ್ಲಿಲ್ಲ. ಮರಿಯ ಬಾಲದ ಕೊನೆಯಲ್ಲಿ ಮಂಕಾದ ಒಂದು ಟೊಪ್ಪಿಗೆ ಇದೆ. ಕಿತ್ತು ತೆಗೆಯಬಹುದೇ?

ಪಶುವೈದ್ಯೆ (ಬೆಂಗಳೂರು, ಈಗ ನ್ಯೂಜೆರ್ಸಿ)

ಒಣಗಿರುವಾಗ ಕೀಳಬೇಡಿ, ಹೊಸ ಚರ್ಮವೂ ಹರಿಯುತ್ತದೆ. ಹಾಗೆಂದು ಬಿಟ್ಟುಬಿಡಲೂ ಬಾರದು. ಉಳಿದ ಪೊರೆ ಒಣಗಿ ಬಿಗಿಯಾಗುತ್ತಾ ಹೋಗಿ ರಕ್ತ ಸಂಚಾರವನ್ನು ತಡೆದು, ಬಾಲದ ತುದಿಯೇ ಕಪ್ಪಾಗಿ ಉದುರಿಹೋಗಬಹುದು. ಮುಚ್ಚಳದಲ್ಲಿ ರಂಧ್ರಗಳಿರುವ ಡಬ್ಬಿಯಲ್ಲಿ 28 ಡಿಗ್ರಿಯಷ್ಟು ಉಗುರುಬೆಚ್ಚಗಿನ ನೀರನ್ನು ಮರಿಯ ಅರ್ಧ ಮೈ ಮುಳುಗುವಷ್ಟು ಮಾತ್ರ ಹಾಕಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಅಷ್ಟೂ ಹೊತ್ತು ಯಾರಾದರೂ ಎದುರಿಗೇ ಇರಬೇಕು. ಬಳಿಕ ಒದ್ದೆಯ ಬಟ್ಟೆಯನ್ನು ಬೆರಳುಗಳ ನಡುವೆ ಮೃದುವಾಗಿ ಹಿಡಿದು ಅದರೊಳಗಿಂದ ಮರಿ ತಾನೇ ಜಾರಿ ಹೋಗಲು ಬಿಡಿ. ಬರದಿದ್ದರೆ ನಾಳೆ ಮತ್ತೆ ಪ್ರಯತ್ನಿಸಿ. ಕಣ್ಣಿನ ಪರದೆ ಉಳಿದಿದ್ದರೆ ಮಾತ್ರ ಮನೆಯಲ್ಲಿ ಚಿಮಟ ಹಾಕಲೇಬಾರದು. ನಿಮಗೆ ಆ ತೊಂದರೆ ಇಲ್ಲದಿರುವುದು ಸಂತೋಷ.

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ಬಾಲದ ಟೊಪ್ಪಿಗೆ ಮೊದಲ ಸಲಕ್ಕೇ ಜಾರಿ ಬಂತು, ಅನಂತ ಧನ್ಯವಾದಗಳು. ತೂಕ 18 ಗ್ರಾಂ ಇದೆ. ಇನ್ನು ಊಟ ಯಾವಾಗ ಕೊಡಲಿ? ಹಸಿದಿರುವುದರಿಂದ ದೊಡ್ಡದನ್ನು, ಅಂದರೆ ತುಪ್ಪಳ ಮೂಡಿದ ಫಜ್ಜಿಯನ್ನು ಕೊಡಲೇ ಎಂದು ಮಗಳು ಕೇಳುತ್ತಿದ್ದಾಳೆ.

ಹೊಂಗೆಮರ (ಲೀಡ್ಸ್, ಇಂಗ್ಲೆಂಡ್)

ಒಂದು ದಿನ ವಿಶ್ರಾಂತಿ ಕೊಟ್ಟು ನಾಳೆ ಸಂಜೆ ಕೊಡಿ. ಫಜ್ಜಿ ಈಗಲೇ ಬೇಡ, ಮೊದಲ ಊಟ ಹಿಂದಿನ ಗಾತ್ರದ ಪಿಂಕಿಯೇ ಆಗಿರಲಿ. ಫ್ರಿಜ್‌ನಲ್ಲಿ ನಿಧಾನವಾಗಿ ಕರಗಿಸಿ, ಕೊಡುವ ಮುನ್ನ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಸಿನೀರಿನಲ್ಲಿ ಅದ್ದಿ ಮೈಬಿಸಿ ಬರಿಸಿ. ಮೈಕ್ರೋವೇವ್ ಬಳಸಬೇಡಿ, ಒಳಗೆ ಬೆಂದು ಒಡೆಯುತ್ತದೆ. ತಿಂದ ಮೇಲೆ ಎರಡು ದಿನ ಮರಿಯನ್ನು ಕೈಗೆತ್ತಿಕೊಳ್ಳಬೇಡಿ.

ಹಾವಿನಹಾದಿ (ಹ್ಯೂಸ್ಟನ್)

ಹೊಂಗೆಮರ ಅವರ ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಮೊದಲ ಊಟ ಸರಿಯಾಗಿ ಅರಗಿದರೆ ಮುಂದಿನ ವಾರದಿಂದ ಎರಡು ಚಿಕ್ಕ ಪಿಂಕಿಗಳನ್ನು ಒಂದರ ಹಿಂದೊಂದು ಕೊಡಬಹುದು. ತೂಕ 25 ಗ್ರಾಂ ಆಸುಪಾಸಿಗೆ ಬಂದಾಗ ಚಿಕ್ಕ ಫಜ್ಜಿ ಸಾಕು. ಆಹಾರದ ದಪ್ಪ ಮರಿಯ ಹೊಟ್ಟೆಯ ಅತಿ ದಪ್ಪ ಭಾಗದ ಒಂದೂವರೆ ಪಟ್ಟನ್ನು ಮೀರದಿರಲಿ.

ತುಂಗಾತೀರ (ಕ್ಯಾರಿ, ಉತ್ತರ ಕರೋಲಿನಾ)

ಪಿಂಕಿಯನ್ನು ಗ್ಯಾರೇಜಿನ ಹೊಸ ಫ್ರೀಜರಿನಿಂದ ಅಲ್ಲಿಯೇ ಇಟ್ಟಿರುವ ತಂಪು ಪೆಟ್ಟಿಗೆಗೆ ತೆಗೆದಿಟ್ಟಿದ್ದೇವೆ. ತೂಕ ಬರೆಯುವ ಪುಸ್ತಕದಲ್ಲಿ ಪೊರೆಯ ದಿನಾಂಕಗಳಿಗೆಂದು ಮಗಳು ಬೇರೆ ಕಾಲಂ ಹಾಕಿದ್ದಾಳೆ. ಮುಂದಿನ ಬಾರಿ ಹೊಟ್ಟೆ ಕೆಂಪಾದ ದಿನವನ್ನೂ ಅದರಲ್ಲಿ ಗುರುತಿಸುತ್ತಾಳಂತೆ.

ಕೆಂಡಸಂಪಿಗೆ (ಎಡಿಸನ್)

ಅದೇ ಪುಸ್ತಕದಲ್ಲಿ ತೇವಾಂಶಕ್ಕೂ ಒಂದು ಕಾಲಂ ಇರಲಿ. ಮಾರ್ಚ್‌ವರೆಗೆ ನಿಮ್ಮ ಹೀಟರ್ ಓಡುತ್ತಲೇ ಇರುತ್ತದೆ.